ನೀರು ಆಡುತ್ತಿದೆಯಾ? ಶ್ವಾಸಕೋಶದ ಆಪರೇಷನ್ ನಂತರ ಎದೆಯ ಟ್ಯೂಬಿನ ನಿಗಾ

(ಎದೆ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಬಹುಕಾಲ ಕೆಲಸ ಮಾಡಿದ ನರ್ಸಿಂಗ್ ಇನ್‌ಚಾರ್ಜ್ ಒಬ್ಬರು ಕಿರಿಯ ನರ್ಸ್‌ಗಳಿಗೂ ಹೌಸ್ ಸರ್ಜನ್‌ಗಳಿಗೂ ಮಾಡಿದ ಉಪನ್ಯಾಸದ ಬರಹ ರೂಪ)

ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರು ಮಂಚದ ಹತ್ತಿರ ಬಂದ ಕೂಡಲೇ ಕೇಳುವ ಪ್ರಶ್ನೆ ನಿಮಗೆಲ್ಲ ಗೊತ್ತು. "ಡ್ರೈನ್ ಎಷ್ಟು?" ಅಂದರೆ ಎದೆಯ ಟ್ಯೂಬಿನಿಂದ ಎಷ್ಟು ಮಿಲಿಲೀಟರ್ ದ್ರವ ಬಂತು ಅಂತ. ನಾವು ಚಾರ್ಟ್ ನೋಡಿ "ಇನ್ನೂರೈವತ್ತು, ಸರ್" ಅನ್ನುತ್ತೇವೆ. ಅವರು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾರೆ. ಎಷ್ಟೋ ವರ್ಷ ನಾನೂ ಆ ಸಂಖ್ಯೆಯೇ ಮುಖ್ಯ ಅಂದುಕೊಂಡಿದ್ದೆ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡಿವೆ. ಟ್ಯೂಬು ಹೋಗಿ ಸೇರುವ ಬಾಟಲಿಯ ನೀರು ಉಸಿರಿನ ಜೊತೆ ಏರಿಳಿದು ಆಡುತ್ತಿದೆಯಾ? ಈ ಟ್ಯೂಬು ಇವತ್ತೂ ಒಳಗೇ ಇರಬೇಕಾ, ಇರಬೇಕಾದರೆ ಯಾತಕ್ಕೆ? ಈ ಎರಡಕ್ಕೆ ಉತ್ತರ ಹುಡುಕುವ ಅಭ್ಯಾಸ ಬಂದರೆ ಉಳಿದದ್ದು ತಾನಾಗಿ ಬರುತ್ತದೆ. ಹಾಗಾಗಿ ಇವತ್ತಿನ ಮಾತೆಲ್ಲ ಇವೆರಡರ ಸುತ್ತಲೇ ಇರುತ್ತದೆ.

ಮೊದಲು ಆ ನೀರು ಯಾಕೆ ಆಡುತ್ತದೆ ಅನ್ನುವುದನ್ನು ನೋಡೋಣ. ಶ್ವಾಸಕೋಶದ ಗುಣ ಕುಗ್ಗುವುದು, ಎದೆಗೂಡಿನ ಗುಣ ಹೊರಕ್ಕೆ ಹಿಗ್ಗುವುದು. ಇವೆರಡರ ನಡುವೆ ಎರಡು ತೆಳು ಪೊರೆಗಳಿವೆ, ಪ್ಲೂರಾ ಅನ್ನುತ್ತೇವಲ್ಲ, ಅವು. ಅವುಗಳ ಮಧ್ಯೆ ಕೆಲವೇ ಮಿಲಿಲೀಟರ್ ದ್ರವ. ಒಂದು ಒಳಕ್ಕೆ ಎಳೆಯುತ್ತದೆ, ಇನ್ನೊಂದು ಹೊರಕ್ಕೆ ಎಳೆಯುತ್ತದೆ. ಹಾಗಾಗಿ ಮಧ್ಯದ ಜಾಗದಲ್ಲಿ ಒತ್ತಡ ಯಾವಾಗಲೂ ಹೊರಗಿನ ಗಾಳಿಗಿಂತ ಕಡಿಮೆ. ಉಸಿರು ಬಿಟ್ಟಾಗ ಸುಮಾರು 5 ಸೆಂಟಿಮೀಟರ್ ನೀರಿನಷ್ಟು ಕಡಿಮೆ, ಉಸಿರು ಎಳೆದಾಗ 8ರಷ್ಟು. ಸರ್ಜನ್ ಎದೆ ತೆರೆದ ಕ್ಷಣ ಈ ಎಳೆತ ತಪ್ಪಿಹೋಗುತ್ತದೆ, ಶ್ವಾಸಕೋಶ ಮುದುಡುತ್ತದೆ. ಆಪರೇಷನ್ ಮುಗಿಸಿ ಎದೆ ಮುಚ್ಚಿದ ಮೇಲೆ ಒಳಗೆ ಉಳಿದ ಗಾಳಿ ಹೊರಗೆ ಹೋಗಬೇಕು. ಕೊಯ್ದ ಜಾಗದಿಂದ ಜಿನುಗುವ ರಕ್ತ, ದ್ರವವೂ ಹೋಗಬೇಕು. ಒಂದು ಲೋಬ್, ಅಂದರೆ ಶ್ವಾಸಕೋಶದ ಒಂದು ಹೋಳು, ತೆಗೆದಿದ್ದರೆ ಉಳಿದ ಲೋಬ್ ಹಿಗ್ಗಿ ಖಾಲಿ ಜಾಗ ತುಂಬಬೇಕು. ಅಷ್ಟರಲ್ಲಿ ಕೊಯ್ದ ಮೈಯಿಂದ ಗಾಳಿ ಸೋರುತ್ತಲೂ ಇರುತ್ತದೆ. ಒಳಗಿನದು ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಕೂಡದು. ಟ್ಯೂಬಿಗಿರುವ ಕೆಲಸ ಇಷ್ಟು.

ಅದಕ್ಕೆ ಬೇಕಾದ ಒಮ್ಮುಖದ ಬಾಗಿಲನ್ನು ಬರೀ ನೀರಿನಿಂದ ಮಾಡಬಹುದು ಅಂತ ತೋರಿಸಿದವರು ಜರ್ಮನಿಯ ಹ್ಯಾಂಬರ್ಗ್‌ನ ವೈದ್ಯ ಗೊಟ್‌ಹಾರ್ಡ್ ಬ್ಯುಲಾವ್. 1875ರಲ್ಲಿ ಅವರು ಎದೆಯಲ್ಲಿ ಕೀವು ತುಂಬಿದ್ದ ರೋಗಿಗೆ ಟ್ಯೂಬು ಹಾಕಿ, ಅದರ ಇನ್ನೊಂದು ತುದಿಯನ್ನು ನೀರಿನಲ್ಲಿ ಮುಳುಗಿಸಿದರು. ಆ ಉಪಾಯ ಎಲ್ಲರಿಗೂ ಒಪ್ಪಿಗೆಯಾಗಲು ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು, ದೊಡ್ಡ ಬೆಲೆಯನ್ನೂ ತೆರಬೇಕಾಯಿತು. 1918ರ ಹೊತ್ತಿಗೆ ಅಮೆರಿಕದ ಸೈನಿಕ ಶಿಬಿರಗಳಲ್ಲಿ ನ್ಯುಮೋನಿಯಾದ ಬೆನ್ನಿಗೇ ಎದೆಯಲ್ಲಿ ಕೀವು ತುಂಬಿಕೊಂಡು ಯುವಕರು ಸಾಯುತ್ತಿದ್ದರು. ಆಗಿನ ಚಿಕಿತ್ಸೆ ಅಂದರೆ ಪಕ್ಕೆಲುಬಿನ ತುಂಡು ತೆಗೆದು ಎದೆಯನ್ನು ತೆರೆದೇ ಬಿಡುವುದು. ಶ್ವಾಸಕೋಶ ಇನ್ನೂ ಎದೆಗೋಡೆಗೆ ಅಂಟಿಕೊಂಡಿರುತ್ತಿರಲಿಲ್ಲ. ತೆರೆದ ಕೂಡಲೇ ಗಾಳಿ ನುಗ್ಗಿ ಅದು ಕುಸಿಯುತ್ತಿತ್ತು. ನೂರಕ್ಕೆ ಸುಮಾರು 30 ಮಂದಿ ತೀರಿಕೊಳ್ಳುತ್ತಿದ್ದರು. ಸೈನ್ಯ ಇದಕ್ಕಾಗಿ ಒಂದು ಆಯೋಗ ಮಾಡಿತು. ಅದರಲ್ಲಿದ್ದ ಇವಾರ್ಟ್ಸ್ ಗ್ರಹಾಂ ಎಂಬ ಸರ್ಜನ್ ಮತ್ತು ಜೊತೆಯವರು, ಆರಂಭದಲ್ಲಿ ಎದೆ ತೆರೆಯಬೇಡಿ, ಗಾಳಿ ಒಳಗೆ ಹೋಗದ ಹಾಗೆ ಕೀವು ತೆಗೆಯಿರಿ, ರೋಗಿಗೆ ಚೆನ್ನಾಗಿ ಊಟ ಕೊಡಿ ಅಂದರು. ಸಾವು ನೂರಕ್ಕೆ 5ಕ್ಕಿಂತ ಕೆಳಗೆ ಇಳಿಯಿತು. ಔಷಧಿ ಹಳೆಯದೇ, ಆಂಟಿಬಯಾಟಿಕ್ ಇನ್ನೂ ಬಂದಿರಲಿಲ್ಲ. ಬದಲಾದದ್ದು ಗಾಳಿಯ ದಾರಿ ಮತ್ತು ರೋಗಿಯ ಆರೈಕೆ. ನಮ್ಮ ಕೈಯಲ್ಲಿರುವ ಬಾಟಲಿ ಎಂಥದ್ದು ಅಂತ ಹೇಳುವುದಕ್ಕೆ ಈ ಕಥೆ ತಂದೆ. ಗ್ರಹಾಂ ಅವರ ಹೆಸರು ನೆನಪಿಟ್ಟುಕೊಳ್ಳಿ, ಇನ್ನೊಮ್ಮೆ ಬರುತ್ತಾರೆ.

ಈಗ ಬಾಟಲಿಗೆ ಬರೋಣ. ಟ್ಯೂಬಿಗೆ ಸೇರುವ ಉದ್ದನೆಯ ಕೊಳವೆ ನೀರಿನೊಳಗೆ 2 ಸೆಂಟಿಮೀಟರ್ ಮುಳುಗಿರಬೇಕು. ಮುಳುಗದಿದ್ದರೆ ಹೊರಗಿನ ಗಾಳಿ ಸೀದಾ ಎದೆಗೆ ಹೋಗುತ್ತದೆ. ತೀರಾ ಆಳಕ್ಕೆ ಹೋದರೆ ಒಳಗಿನ ಗಾಳಿ ಅಷ್ಟು ನೀರನ್ನು ತಳ್ಳಿಕೊಂಡು ಹೊರಬರಬೇಕು, ಅದಕ್ಕೆ ಶ್ರಮ. ಒಂಟಿ ಬಾಟಲಿಯಲ್ಲಿ ದ್ರವ ಸೇರಿಕೊಳ್ಳುತ್ತ ಹೋದ ಹಾಗೆ ಕೊಳವೆ ಇನ್ನಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದು ಎಷ್ಟೋ ಸಲ ನಮ್ಮ ಗಮನಕ್ಕೇ ಬರುವುದಿಲ್ಲ. ಮೊದಲು ಹಾಕಿದ ನೀರಿನ ಮಟ್ಟಕ್ಕೆ ಪ್ಲಾಸ್ಟರ್ ಅಂಟಿಸಿ, ದಿನಾಂಕ, ಸಮಯ ಬರೆಯಿರಿ. ಮೊದಲೇ ಹಾಕಿದ್ದ ಆ 500 ಮಿಲಿಲೀಟರ್ ನೀರನ್ನು ಕಳೆಯಲು ಮರೆತು "ಏಳುನೂರು ಬಂದಿದೆ" ಅಂತ ಗಾಬರಿ ಎಬ್ಬಿಸಿದ ರಾತ್ರಿಗಳನ್ನು ನಾನು ನೋಡಿದ್ದೇನೆ.

ಬಾಟಲಿಯ ಮುಚ್ಚಳದಲ್ಲಿ ಇನ್ನೊಂದು ಗಿಡ್ಡ ಕೊಳವೆ ಇರುತ್ತದೆ, ಗಾಳಿ ಹೊರಹೋಗುವುದಕ್ಕೆ. ಅದು ಸದಾ ತೆರೆದಿರಬೇಕು. ಇಲ್ಲಿ ಒಂದು ಮಾತನ್ನು ದಯವಿಟ್ಟು ಬರೆದುಕೊಳ್ಳಿ. ಈ ಗಿಡ್ಡ ಕೊಳವೆಯನ್ನು ಗೋಡೆಯ ಸಕ್ಷನ್‌ಗೆ, ಅಂದರೆ ಗಾಳಿ ಎಳೆಯುವ ವ್ಯವಸ್ಥೆಗೆ, ಜೋಡಿಸಿದ ಟ್ಯೂಬನ್ನು ಹಾಗೇ ಬಿಟ್ಟು, ಸಕ್ಷನ್ ಮಾತ್ರ ಆಫ್ ಮಾಡಿದರೆ ಆ ಬಾಯಿ ಮುಚ್ಚಿದ ಹಾಗೇ ಆಯಿತು. ಎದೆಯ ಟ್ಯೂಬನ್ನು ಕ್ಲ್ಯಾಂಪ್ ಹಾಕಿ ಬಿಗಿದದ್ದಕ್ಕೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಸಕ್ಷನ್ ನಿಲ್ಲಿಸುವುದಾದರೆ ಸಕ್ಷನ್ನಿನ ಟ್ಯೂಬನ್ನು ಬಾಟಲಿಯಿಂದ ಕಳಚಿಬಿಡಿ.

ಒಂಟಿ ಬಾಟಲಿಯ ಬದಲು ಮೂರು ಕೋಣೆಯ ಸೆಟ್ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಅಲ್ಲಿ ಎಳೆತದ ಪ್ರಮಾಣ ನಿರ್ಧಾರವಾಗುವುದು ಸಕ್ಷನ್ ಕೋಣೆಯ ನೀರಿನ ಎತ್ತರದಿಂದ. 20 ಸೆಂಟಿಮೀಟರ್ ನೀರಿದ್ದರೆ ಎಳೆತ 20. ಗೋಡೆಯ ಗುಂಡಿಯನ್ನು ಎಷ್ಟು ತಿರುಗಿಸಿದರೂ ಬರೀ ಶಬ್ದ ಜಾಸ್ತಿಯಾಗುತ್ತದೆ, ನೀರು ಬೇಗ ಆರುತ್ತದೆ, ಪಕ್ಕದ ಮಂಚದವರ ನಿದ್ದೆ ಕೆಡುತ್ತದೆ. ಮೆಲ್ಲಗೆ ಗುಳುಗುಳು ಅಂದರೆ ಸಾಕು.

ಇನ್ನು ಕಾಲಂ ಮೂವ್‌ಮೆಂಟ್. ರೋಗಿ ಉಸಿರೆಳೆದಾಗ ಕೊಳವೆಯೊಳಗಿನ ನೀರು ಮೇಲೇರುತ್ತದೆ, ಬಿಟ್ಟಾಗ ಇಳಿಯುತ್ತದೆ. ಹಾಗೆ ಆಡುತ್ತಿದ್ದರೆ ಎದೆಗೂ ಬಾಟಲಿಗೂ ದಾರಿ ತೆರೆದಿದೆ ಅಂತ ಅರ್ಥ. ವೆಂಟಿಲೇಟರ್ ಮೇಲಿದ್ದವರಲ್ಲಿ ಇದು ತಿರುಗುಮುರುಗು. ಯಂತ್ರ ಗಾಳಿ ತುಂಬಿದಾಗ ಇಳಿಯುತ್ತದೆ, ಬಿಟ್ಟಾಗ ಏರುತ್ತದೆ. ಐಸಿಯುನಿಂದ ವಾರ್ಡಿಗೆ ಬಂದ ಹೊಸಬರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಸಕ್ಷನ್ ನಡೆಯುತ್ತಿದ್ದರೆ ಆಟ ಸರಿಯಾಗಿ ಕಾಣುವುದಿಲ್ಲ, ಒಂದು ಕ್ಷಣ ಸಕ್ಷನ್ ಕಳಚಿ ನೋಡಬೇಕು.

ನೀರು ಆಡದಿದ್ದರೆ? ಶ್ವಾಸಕೋಶ ಪೂರ್ತಿ ಹಿಗ್ಗಿ ಜಾಗ ತುಂಬಿಕೊಂಡಿದ್ದರೂ ಆಡುವುದಿಲ್ಲ, ಟ್ಯೂಬು ಕಟ್ಟಿಕೊಂಡಿದ್ದರೂ ಆಡುವುದಿಲ್ಲ. ಒಂದು ಒಳ್ಳೆಯ ಸುದ್ದಿ, ಇನ್ನೊಂದು ಅಪಾಯ. ಎರಡೂ ಬಾಟಲಿಯಲ್ಲಿ ಒಂದೇ ಥರ ಕಾಣುತ್ತವೆ. ಆದ್ದರಿಂದ ಬಾಟಲಿಯಿಂದ ಕಣ್ಣು ತೆಗೆದು ರೋಗಿಯ ಕಡೆ ನೋಡಬೇಕು. ಉಸಿರಾಟ ಸಲೀಸಾಗಿದೆಯಾ? ಆಪರೇಷನ್ ಆದ ಕಡೆ ಸ್ಟೆತಾಸ್ಕೋಪ್ ಇಟ್ಟರೆ ಗಾಳಿಯ ಸದ್ದು ಕೇಳುತ್ತದೆಯಾ? ಎಕ್ಸ್‌ರೇ ಏನನ್ನುತ್ತದೆ? ಆಮೇಲೆ ಹೊದಿಕೆ ಸರಿಸಿ, ಟ್ಯೂಬಿನ ಜೊತೆ ಬೆರಳು ಓಡಿಸುತ್ತ ಚರ್ಮದಿಂದ ಬಾಟಲಿಯವರೆಗೆ ಹೋಗಿ. ಎಷ್ಟು ಸಲ ರೋಗಿಯೇ ಟ್ಯೂಬಿನ ಮೇಲೆ ಮಲಗಿರುತ್ತಾರೆ! ಎಷ್ಟು ಸಲ ಮಂಚದ ಕಂಬಿಗೆ ಸಿಕ್ಕಿ ಮಡಚಿರುತ್ತದೆ! ಟ್ಯೂಬು ಜೋತುಬಿದ್ದು ಅದರ ಹೊಟ್ಟೆಯಲ್ಲಿ ದ್ರವ ನಿಂತಿದ್ದರೆ ಅದೂ ಒಂದು ತಡೆಯೇ. ಎತ್ತಿ ಬಾಟಲಿಗೆ ಹರಿಸಿ, ಉದ್ದವನ್ನು ಹಾಸಿಗೆಯ ಮೇಲೆ ಸುತ್ತಿ ಪಿನ್ ಮಾಡಿ.

ಹಿಂದೆ ನಮಗೆಲ್ಲ ಟ್ಯೂಬನ್ನು ಹಿಂಡಿ ಎಳೆಯುವುದನ್ನು ಕಲಿಸಿದ್ದರು, ಬೆರಳಿಗೆ ಜೆಲ್ಲಿ ಹಚ್ಚಿಕೊಂಡು ಗಂಟೆಗೊಮ್ಮೆ. ಅದನ್ನು ದಿನಚರಿಯಾಗಿ ಮಾಡಬೇಡಿ. ಹಾಗೆ ಉದ್ದಕ್ಕೂ ಹಿಂಡಿ ಎಳೆದಾಗ ಒಳಗೆ ನೂರಾರು ಸೆಂಟಿಮೀಟರ್ ನೀರಿನಷ್ಟು ಎಳೆತ ಹುಟ್ಟುತ್ತದೆ. ಆಗಷ್ಟೇ ಹೊಲಿದ ಶ್ವಾಸಕೋಶಕ್ಕೆ ಅದು ಏನು ಮಾಡೀತು, ಯೋಚಿಸಿ. ಕಣ್ಣಿಗೆ ಕಾಣುವ ಹೆಪ್ಪು ಇದ್ದರೆ ಅಷ್ಟು ಜಾಗವನ್ನು ಮಾತ್ರ ಮೆಲ್ಲಗೆ ಒತ್ತಿ ಬಿಡಿ, ಹೋಗದಿದ್ದರೆ ಡಾಕ್ಟರಿಗೆ ಹೇಳಿ.

ಗುಳ್ಳೆಯ ವಿಷಯಕ್ಕೆ ಬರುತ್ತೇನೆ. ಗುಳ್ಳೆ ಬಂದರೆ ಗಾಳಿ ಸೋರುತ್ತಿದೆ. ಯಾವಾಗ ಬರುತ್ತದೆ ಅನ್ನುವುದರ ಮೇಲೆ ಸೋರಿಕೆಯ ಗಾತ್ರ ತಿಳಿಯುತ್ತದೆ. ಕೆಮ್ಮಿದಾಗ ಮಾತ್ರ ಬಂದರೆ ಚಿಕ್ಕದು. ಪ್ರತಿ ಸಲ ಉಸಿರು ಬಿಟ್ಟಾಗ ಬಂದರೆ ಅದಕ್ಕಿಂತ ದೊಡ್ಡದು. ಬಿಡುವಿಲ್ಲದೆ ಬರುತ್ತಿದ್ದರೆ ಶ್ವಾಸನಾಳದ ಹೊಲಿಗೆಯೇ ಬಿಟ್ಟಿದೆಯೋ, ಇಲ್ಲಾ ಜೋಡಣೆಯಲ್ಲೇ ತೂತಿದೆಯೋ ನೋಡಬೇಕು. ಸುಮ್ಮನೆ ಮಲಗಿರುವ ರೋಗಿಯ ಬಾಟಲಿಯನ್ನು ಅರ್ಧ ನಿಮಿಷ ನೋಡಿ "ಲೀಕ್ ಇಲ್ಲ" ಅಂತ ಬರೆಯಬೇಡಿ. "ಯಜಮಾನರೇ, ಒಂದ್ಸಲ ಜೋರಾಗಿ ಕೆಮ್ಮಿ" ಅನ್ನಿ, ಆಗ ಬಗ್ಗಿ ಬಾಟಲಿ ನೋಡಿ, ಆಮೇಲೆ ಬರೆಯಿರಿ.

ನನ್ನ ನೆನಪಿನಲ್ಲಿರುವ ಒಂದು ಪ್ರಸಂಗ. ಮೇಲಿನ ಲೋಬ್ ತೆಗೆದ ಒಬ್ಬ ಅಮ್ಮ. ಮೂರನೆಯ ದಿನದವರೆಗೆ ಗುಳ್ಳೆಯೇ ಇರಲಿಲ್ಲ, ಅವತ್ತು ಸಂಜೆ ಇದ್ದಕ್ಕಿದ್ದ ಹಾಗೆ ಬಿಡದೆ ಬರತೊಡಗಿತು. ಹೊಲಿಗೆ ಬಿಟ್ಟಿತೇನೋ ಅಂತ ಎಲ್ಲರ ಮುಖ ಬಾಡಿತು. ಮನೆಯವರಿಗೆ ಇನ್ನೊಂದು ಆಪರೇಷನ್ ಆಗಬಹುದು ಅಂತ ಹೇಳಿಯೂ ಆಯಿತು. ಅಮ್ಮ ಮಾತ್ರ ಆರಾಮಾಗಿದ್ದರು, ನಾಡಿ ಸರಿ, ಉಸಿರು ಸರಿ. ಆಗ ನಮ್ಮ ಹಿರಿಯ ಸಿಸ್ಟರ್ ಬಂದು ಎದೆಯ ಹತ್ತಿರ ಟ್ಯೂಬನ್ನು ಬೆರಳಿನಿಂದ ಎರಡು ಉಸಿರಿನಷ್ಟು ಹೊತ್ತು ಒತ್ತಿ ಹಿಡಿದರು. ಗುಳ್ಳೆ ನಿಂತಿತು. ಅಂದರೆ ಬಾಟಲಿ, ಜೋಡಣೆ ಸರಿ, ಗಾಳಿ ರೋಗಿಯ ಕಡೆಯಿಂದಲೇ ಬರುತ್ತಿದೆ. ನಾವು ಅಲ್ಲಿಗೇ ಬಿಡುತ್ತಿದ್ದೆವು. ಅವರು ಡ್ರೆಸ್ಸಿಂಗ್ ಬಿಚ್ಚಿದರು. ಟ್ಯೂಬು ಸ್ವಲ್ಪ ಹೊರಗೆ ಜಾರಿ, ಅದರ ಪಕ್ಕದ ತೂತುಗಳಲ್ಲಿ ಒಂದು ಚರ್ಮದ ಹೊರಗೆ ಬಂದಿತ್ತು. ಕೋಣೆಯ ಗಾಳಿಯನ್ನೇ ಅದು ಎಳೆದುಕೊಳ್ಳುತ್ತಿತ್ತು. ಒಳಗೆ ಸೋರಿಕೆಯೇ ಇರಲಿಲ್ಲ. ಟ್ಯೂಬು ತೆಗೆದರು, ಅಮ್ಮ ಎರಡು ದಿನಕ್ಕೆ ಮನೆಗೆ ಹೋದರು. ಆದ್ದರಿಂದ ಚರ್ಮದ ಮಟ್ಟದಲ್ಲಿ ಎಷ್ಟು ಸೆಂಟಿಮೀಟರ್ ಗುರುತು ಇದೆ ಅಂತ ಮೊದಲ ದಿನವೇ ಬರೆದಿಡಿ. ಹೀಗೆ ಹೊರಬಂದ ಟ್ಯೂಬನ್ನು ಮತ್ತೆ ಒಳಕ್ಕೆ ತಳ್ಳುವ ಕೆಲಸ ಮಾತ್ರ ಯಾರೂ ಮಾಡಬಾರದು, ಹೊರಗಿನ ಸೋಂಕು ಒಳಗೆ ಹೋಗುತ್ತದೆ.

ಇನ್ನೊಂದು ಪ್ರಸಂಗ ನನ್ನದೇ ತಪ್ಪಿನದು. ಹೇಳುವುದು ಸುಲಭವಲ್ಲ, ಆದರೆ ನಿಮ್ಮಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬರಲಿ. ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಆಪರೇಷನ್ ಆಗಿ ಮಾರನೆಯ ದಿನದ ರೋಗಿಯನ್ನು ಎಕ್ಸ್‌ರೇಗೆ ಟ್ರಾಲಿಯಲ್ಲಿ ಕರೆದುಕೊಂಡು ಹೋಗಬೇಕಿತ್ತು. ಆಗಿನ ರೂಢಿ ಅಂದರೆ ಟ್ಯೂಬಿಗೆ ಎರಡು ಕ್ಲ್ಯಾಂಪ್ ಹಾಕಿ ಬಾಟಲಿಯನ್ನು ಕಾಲಿನ ಬಳಿ ಟ್ರಾಲಿಯ ಮೇಲೇ ಇಟ್ಟುಬಿಡುವುದು. ಬಾಟಲಿಯಲ್ಲಿ ಗುಳ್ಳೆ ಬರುತ್ತಿತ್ತು, ನಾನು ನೋಡಿದ್ದೆ. ಆದರೂ ಕ್ಲ್ಯಾಂಪ್ ಹಾಕಿದೆ. ಲಿಫ್ಟ್ ಬರುವುದು ತಡವಾಯಿತು. ಅಲ್ಲಿ ನಿಂತಿದ್ದಾಗಲೇ ಅವರು "ಸಿಸ್ಟರ್, ಉಸಿರು ಸಿಗ್ತಾ ಇಲ್ಲ" ಅಂದರು. ಬೆವರು ಸುರಿಯತೊಡಗಿತು, ಕತ್ತಿನ ನರಗಳು ಉಬ್ಬಿ ನಿಂತವು, ನಾಡಿ ಓಡುತ್ತಿತ್ತು. ನನಗೆ ಆಕ್ಸಿಜನ್ ಜಾಸ್ತಿ ಮಾಡಬೇಕು ಅಂತ ಮಾತ್ರ ಹೊಳೆಯಿತು. ಪಕ್ಕದಲ್ಲಿದ್ದ ಅಟೆಂಡರ್, ಎಷ್ಟೋ ವರ್ಷದ ಅನುಭವಸ್ಥರು, "ಮೇಡಂ, ಕ್ಲ್ಯಾಂಪ್ ಬಿಚ್ಚಿ" ಅಂದರು. ಬಿಚ್ಚಿ ಬಾಟಲಿ ಕೆಳಗಿಟ್ಟ ಕೂಡಲೇ ಗಾಳಿ ಬುಸುಬುಸು ಅಂತ ನುಗ್ಗಿ ಬಂತು. ಒಂದೆರಡು ನಿಮಿಷದಲ್ಲಿ ಅವರ ಮುಖಕ್ಕೆ ಬಣ್ಣ ಬಂತು. ಸೋರುವ ಗಾಳಿಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಒಳಗೇ ತುಂಬಿ ಶ್ವಾಸಕೋಶವನ್ನು ಹಿಸುಕುತ್ತದೆ, ಹೃದಯವನ್ನು ಆಚೆ ತಳ್ಳುತ್ತದೆ, ರಕ್ತ ಹೃದಯಕ್ಕೆ ಮರಳುವುದೇ ನಿಲ್ಲುತ್ತದೆ. ಟೆನ್ಷನ್ ನ್ಯುಮೊಥೊರ್ಯಾಕ್ಸ್ ಅಂತ ಪುಸ್ತಕದಲ್ಲಿ ಓದಿದ್ದನ್ನು ನಾನು ನನ್ನ ಕೈಯಾರೆ ಮಾಡಿದ್ದೆ.

ಗುಳ್ಳೆ ಬರುವ ಟ್ಯೂಬಿಗೆ ಕ್ಲ್ಯಾಂಪ್ ಹಾಕಬೇಡಿ. ಸಾಗಿಸುವಾಗ ಬಾಟಲಿ ಎದೆಗಿಂತ ಕೆಳಗೆ, ನೆಟ್ಟಗೆ, ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಾಟಲಿ ಬದಲಿಸುವಾಗ ಕೆಲವು ಸೆಕೆಂಡು ಕ್ಲ್ಯಾಂಪ್ ಹಾಕಬಹುದು, ಹೊಸದನ್ನು ಮೊದಲೇ ಸಿದ್ಧಮಾಡಿಟ್ಟುಕೊಂಡು. ಬಾಟಲಿ ಒಡೆದರೆ ಅಥವಾ ಜೋಡಣೆ ಕಳಚಿದರೆ ಟ್ಯೂಬಿನ ತುದಿಯನ್ನು ಸ್ಟೆರೈಲ್ ಸಲೈನ್ ಬಾಟಲಿಯಲ್ಲಿ 2 ಸೆಂಟಿಮೀಟರ್ ಅದ್ದಿ. ಅಷ್ಟೇ ಸಾಕು, ವಾಟರ್ ಸೀಲ್, ಅಂದರೆ ಆ ನೀರಿನ ಒಮ್ಮುಖದ ಬಾಗಿಲು, ಮತ್ತೆ ಆಯಿತು. ರೋಗಿಗೆ ಕೆಮ್ಮಲು ಹೇಳಿ, ಒಳಗೆ ಹೋದ ಗಾಳಿ ಹೊರಬರುತ್ತದೆ. ಟ್ಯೂಬೇ ಕಿತ್ತು ಬಂದರೆ ಗಾಜ್ ಒತ್ತಿ ಹಿಡಿದು ಡಾಕ್ಟರನ್ನು ಕರೆಯಿರಿ. ಮೊದಲೇ ಗಾಳಿ ಸೋರುತ್ತಿದ್ದ ರೋಗಿಯಾದರೆ ಡ್ರೆಸ್ಸಿಂಗನ್ನು ಮೂರು ಕಡೆ ಮಾತ್ರ ಅಂಟಿಸಿ, ಒಂದು ಕಡೆ ಗಾಳಿ ಹೋಗಲು ಬಿಡಿ.

ಸಕ್ಷನ್ ಬೇಕೇ ಬೇಡವೇ ಅನ್ನುವುದು ಹಳೆಯ ಚರ್ಚೆ. ನಾನು ಕೆಲಸ ಶುರುಮಾಡಿದಾಗ ಎಲ್ಲರಿಗೂ 20ರ ಸಕ್ಷನ್, ದಿನಗಟ್ಟಲೆ. ಎಳೆದಷ್ಟೂ ಶ್ವಾಸಕೋಶ ಬೇಗ ಗೋಡೆಗೆ ಅಂಟುತ್ತದೆ ಅನ್ನುವ ನಂಬಿಕೆ. ಆಮೇಲೆ ಹೋಲಿಸಿ ನೋಡಿದ ಅಧ್ಯಯನಗಳು ಬಂದವು. ಬಹುತೇಕ ರೋಗಿಗಳಲ್ಲಿ ಬರೀ ವಾಟರ್ ಸೀಲ್ ಇಟ್ಟರೂ ಸೋರಿಕೆ ನಿಲ್ಲುತ್ತದೆ, ಕೆಲವು ಅಧ್ಯಯನಗಳಲ್ಲಿ ಇನ್ನೂ ಬೇಗ. ಕಾರಣ ಊಹಿಸಬಹುದು. ತೂತಿನ ಮೂಲಕ ಸದಾ ಗಾಳಿ ಎಳೆಯುತ್ತಿದ್ದರೆ ಆ ತೂತು ಮುಚ್ಚಿಕೊಳ್ಳುವುದು ಹೇಗೆ? 2019ರಲ್ಲಿ ಇರಾಸ್ ಸೊಸೈಟಿ (ಆಪರೇಷನ್ ನಂತರ ಬೇಗ ಚೇತರಿಸಿಕೊಳ್ಳುವ ಕ್ರಮಗಳನ್ನು ರೂಪಿಸುವ ಸಂಸ್ಥೆ) ಮತ್ತು ಯುರೋಪಿನ ಎದೆ ಶಸ್ತ್ರಚಿಕಿತ್ಸಕರ ಸಂಘ ಸೇರಿ ಹೊರತಂದ ಮಾರ್ಗಸೂಚಿಯೂ ಎಲ್ಲರಿಗೂ ಸಕ್ಷನ್ ಹಾಕುವ ರೂಢಿ ಬೇಡ ಅನ್ನುತ್ತದೆ. ಎರಡು ಟ್ಯೂಬಿನ ಬದಲು ಒಂದೇ ಸಾಕು ಅಂತಲೂ ಹೇಳುತ್ತದೆ. ಆದರೆ ವಾಟರ್ ಸೀಲ್‌ನಲ್ಲಿ ಶ್ವಾಸಕೋಶ ಕುಸಿಯುತ್ತಿದೆ ಅಂತ ಎಕ್ಸ್‌ರೇಯಲ್ಲಿ ಕಂಡರೆ ಸಕ್ಷನ್ ಬೇಕು. ಚರ್ಮದ ಕೆಳಗೆ ಗಾಳಿ ಸೇರಿಕೊಂಡು ಮುಟ್ಟಿದರೆ ಚರಚರ ಅನ್ನುತ್ತ, ಕತ್ತು, ರೆಪ್ಪೆ ಊದುತ್ತಿದ್ದರೂ ಬೇಕು. ಆ ಊತ ಕಂಡಾಗ ಮೊದಲು ಟ್ಯೂಬು ಕಟ್ಟಿಕೊಂಡಿದೆಯಾ ನೋಡಿ. ರೋಗಿಯ ದನಿ ಬದಲಾದರೆ, ನುಂಗಲು ಕಷ್ಟವಾದರೆ ತಡಮಾಡದೆ ಕರೆಯಿರಿ.

ಈಗ ಡಿಜಿಟಲ್ ಯಂತ್ರ ಬಂದಿದೆ. ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಗಾಳಿ ಸೋರುತ್ತಿದೆ ಅಂತ ಅಂಕಿಯಲ್ಲಿ ತೋರಿಸುತ್ತದೆ, ಹಿಂದಿನ ಗಂಟೆಗಳ ಗೆರೆಯನ್ನೂ ಇಟ್ಟುಕೊಳ್ಳುತ್ತದೆ. ರಾತ್ರಿ ಪಾಳಿಯವರು "ಸ್ವಲ್ಪ ಗುಳ್ಳೆ" ಅಂದದ್ದು ಬೆಳಗಿನವರಿಗೆ "ಇಲ್ಲವೇ ಇಲ್ಲ" ಆಗುವ ತೊಂದರೆ ಇದರಿಂದ ತಪ್ಪಿತು. ಸುಮಾರು 6ರಿಂದ 8 ಗಂಟೆ ನಿಮಿಷಕ್ಕೆ 20 ಮಿಲಿಲೀಟರ್‌ಗಿಂತ ಕೆಳಗೇ ಇದ್ದರೆ ಟ್ಯೂಬು ತೆಗೆಯಬಹುದು ಅನ್ನುವುದು ಹಲವು ಕಡೆ ನಡೆದುಬಂದ ಲೆಕ್ಕ. ಯಂತ್ರ ಇಲ್ಲದ ಕಡೆ ಏನೂ ನಷ್ಟವಿಲ್ಲ, ಪ್ರತಿ ಪಾಳಿಯಲ್ಲೂ ಒಂದೇ ಥರ ಕೆಮ್ಮಿಸಿ, ಒಂದೇ ಥರ ಬರೆಯಿರಿ.

ದ್ರವದ ವಿಷಯ. ಮೊದಲ ದಿನ ಕೆಂಪು, ಆಮೇಲೆ ನಸುಗೆಂಪು, ಕೊನೆಗೆ ತಿಳಿ ಹಳದಿ. ಈ ದಾರಿ ತಪ್ಪಿದರೆ ಎಚ್ಚರ. ಗಂಟೆಗೆ 200 ಮಿಲಿಲೀಟರ್ ದಾಟಿ ಎರಡು ಮೂರು ಗಂಟೆ ರಕ್ತವೇ ಬರುತ್ತಿದ್ದರೆ ರೋಗಿ ಮತ್ತೆ ಥಿಯೇಟರಿಗೆ ಹೋಗಬೇಕಾಗಬಹುದು. ಎರಡನೆಯ ಗಂಟೆಗೇ ಫೋನ್ ಮಾಡಿ, ಮೂರನೆಯದಕ್ಕೆ ಕಾಯಬೇಡಿ. ಅದಕ್ಕಿಂತ ಮೋಸ ಮಾಡುವುದು ಇನ್ನೊಂದಿದೆ. ಗಂಟೆಗೆ 150 ಬರುತ್ತಿದ್ದದ್ದು ಥಟ್ಟನೆ ಸೊನ್ನೆ. ಚಾರ್ಟ್ ನೋಡಿದರೆ ನೆಮ್ಮದಿ ಅನಿಸುತ್ತದೆ. ನಾಡಿ ಏರುತ್ತ, ಬಿಪಿ ಇಳಿಯುತ್ತ, ನೀರು ಆಡದೆ ನಿಂತಿದ್ದರೆ ರಕ್ತ ನಿಂತಿಲ್ಲ, ಟ್ಯೂಬಿನಲ್ಲಿ ಹೆಪ್ಪುಗಟ್ಟಿದೆ, ಎದೆಯೊಳಗೆ ತುಂಬುತ್ತಿದೆ. ಮೊದಲಿಗೆ ನೀರಿನ ಆಟ ನೋಡಿ ಅಂತ ನಾನು ಯಾಕೆ ಹಟ ಹಿಡಿಯುತ್ತೇನೆ ಅಂತ ಈಗ ಗೊತ್ತಾಯಿತಲ್ಲ.

ರೋಗಿ ಊಟ ಶುರುಮಾಡಿದ ಮೇಲೆ ದ್ರವ ಹಾಲಿನ ಹಾಗೆ ಬೆಳ್ಳಗಾದರೆ ಅದು ಕೈಲ್, ಕೊಬ್ಬು ಬೆರೆತ ದ್ರವ. ಕ್ಯಾನ್ಸರ್‌ಗೆ ಲಿಂಫ್ ಗಂಟುಗಳನ್ನು ತೆಗೆಯುವಾಗ ಕರುಳಿನಿಂದ ಕೊಬ್ಬು ಒಯ್ಯುವ ನಾಳಕ್ಕೋ ಅದರ ಕವಲಿಗೋ ಪೆಟ್ಟಾಗಿರುತ್ತದೆ. ಉಪವಾಸ ಇರುವವರೆಗೆ ಇದು ತಿಳಿಯಾಗಿಯೇ ಕಾಣುತ್ತದೆ, ಆದ್ದರಿಂದ ಮೊದಲ ಊಟದ ನಂತರದ ಬಣ್ಣ ನೋಡಿ. ಸ್ಯಾಂಪಲ್‌ನಲ್ಲಿ ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು ಡೆಸಿಲೀಟರಿಗೆ 110 ಮಿಲಿಗ್ರಾಂ ದಾಟಿದರೆ ಬಹುತೇಕ ಖಾತ್ರಿ. ಕೊಬ್ಬಿಲ್ಲದ ಊಟದಲ್ಲೇ ಎಷ್ಟೋ ಜನಕ್ಕೆ ನಿಲ್ಲುತ್ತದೆ.

ತಿಳಿ ದ್ರವ ಎಷ್ಟಕ್ಕೆ ಇಳಿದ ಮೇಲೆ ಟ್ಯೂಬು ತೆಗೆಯಬೇಕು? ಹಿಂದೆ ದಿನಕ್ಕೆ 100ಕ್ಕೆ ಇಳಿಯಲಿ ಅಂತ ಕಾಯುತ್ತಿದ್ದೆವು. ಆದರೆ ಪ್ಲೂರಾ ತಾನೇ ದ್ರವ ಸುರಿಸಿ ತಾನೇ ಹೀರಿಕೊಳ್ಳುವ ಪೊರೆ, ಟ್ಯೂಬು ಅದನ್ನು ಉಜ್ಜುತ್ತಿದ್ದರೆ ದ್ರವ ಇನ್ನೂ ಬರುತ್ತದೆ. 2008ರಲ್ಲಿ ದಿನಕ್ಕೆ 450 ಮಿಲಿಲೀಟರ್‌ವರೆಗೆ ಬರುತ್ತಿದ್ದರೂ ಟ್ಯೂಬು ತೆಗೆದ ರೋಗಿಗಳ ಅನುಭವ ಪ್ರಕಟವಾಯಿತು. ದ್ರವ ತುಂಬಿಕೊಂಡು ವಾಪಸ್ ಬಂದವರು ತೀರಾ ಕಡಿಮೆ. ನಾನು ಹೇಳಿದ ಮಾರ್ಗಸೂಚಿಯೂ ಅದನ್ನೇ ಒಪ್ಪಿದೆ. ಷರತ್ತು ಮೂರೇ: ಗಾಳಿ ಸೋರಬಾರದು, ರಕ್ತವಾಗಿರಬಾರದು, ಕೈಲ್ ಆಗಿರಬಾರದು. ಹಾಗಾಗಿ ಬೆಳಗ್ಗೆ "ಇನ್ನೂರೈವತ್ತು, ಸರ್" ಅಂದ ಮೇಲೆ ಬಾಯಿ ಮುಚ್ಚಬೇಡಿ. "ಕೆಮ್ಮಿಸಿದರೂ ಲೀಕ್ ಇಲ್ಲ, ಬಣ್ಣ ತಿಳಿ, ಇವತ್ತು ತೆಗೆಯೋಣವಾ ಸರ್?" ಅಂತ ಕೇಳಿ. ಕೇಳುವ ಹಕ್ಕು ನಮಗಿದೆ.

ಯಾಕೆ ಇಷ್ಟು ಅವಸರ ಅಂದರೆ, ನೋವು. ಟ್ಯೂಬಿನ ಅಳತೆಯನ್ನು ಫ್ರೆಂಚ್ ಅನ್ನುವುದು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್‌ನ ಉಪಕರಣ ತಯಾರಕ ಶಾರಿಯೇರ್ ಅವರಿಂದ ಬಂದದ್ದು. ಮೂರು ಫ್ರೆಂಚ್‌ಗೆ ಒಂದು ಮಿಲಿಮೀಟರ್. 28ರ ಟ್ಯೂಬು ಅಂದರೆ 9 ಮಿಲಿಮೀಟರ್‌ಗೂ ದಪ್ಪ. ಅದು ಎರಡು ಪಕ್ಕೆಲುಬಿನ ನಡುವೆ ಕೂತಿದೆ, ಮೇಲಿನ ಪಕ್ಕೆಲುಬಿನ ಅಂಚಿನಲ್ಲೇ ನರ ಹಾದುಹೋಗುತ್ತದೆ. ಪ್ರತಿ ಉಸಿರಿಗೂ ಉಜ್ಜುತ್ತದೆ. ನೋವಿದ್ದವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ನಿಲ್ಲುತ್ತದೆ, ಶ್ವಾಸಕೋಶ ಹಿಗ್ಗುವುದಿಲ್ಲ, ನ್ಯುಮೋನಿಯಾ ಬರುತ್ತದೆ. ಶ್ವಾಸಕೋಶ ಹಿಗ್ಗಲಿ ಅಂತ ಹಾಕಿದ ಟ್ಯೂಬೇ ಅದಕ್ಕೆ ಅಡ್ಡಿಯಾಗುತ್ತದೆ. ಫಿಸಿಯೋಥೆರಪಿಗೆ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ ಕೊಡಿ. ದಿಂಬನ್ನು ಎದೆಗೆ ಅಪ್ಪಿಕೊಂಡು ಕೆಮ್ಮುವುದನ್ನು ತೋರಿಸಿ. ಆ ಕಡೆಯ ತೋಳನ್ನು ದಿನಕ್ಕೆ ಕೆಲವು ಸಲ ಪೂರ್ತಿ ಮೇಲೆತ್ತಿಸಿ, ಇಲ್ಲದಿದ್ದರೆ ಭುಜ ಹಿಡಿದುಕೊಳ್ಳುತ್ತದೆ. ಟ್ಯೂಬು ಇದೆ ಅಂತ ಮಲಗಿಸಿಡಬೇಡಿ, ಬಾಟಲಿ ಕೈಯಲ್ಲಿ ಕೊಟ್ಟು ನಡೆಸಿ.

ಗಾಳಿ ಸೋರಿಕೆ 5 ದಿನ ದಾಟಿದರೆ ದೀರ್ಘ ಸೋರಿಕೆ ಅನ್ನುತ್ತಾರೆ. ಎಂಫಿಸೀಮಾ (ಶ್ವಾಸಕೋಶದ ಗಾಳಿಚೀಲಗಳು ಹಾಳಾಗುವ ಕಾಯಿಲೆ) ಇರುವವರಲ್ಲಿ, ಸ್ಟಿರಾಯ್ಡ್ ತೆಗೆದುಕೊಳ್ಳುವವರಲ್ಲಿ ಹೆಚ್ಚು. ಬಹುತೇಕ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ರೋಗಿಯ ರಕ್ತವನ್ನೇ ತೆಗೆದು ಟ್ಯೂಬಿನ ಮೂಲಕ ಒಳಗೆ ಬಿಡುವುದುಂಟು, ಅದು ಹೆಪ್ಪುಗಟ್ಟಿ ತೂತನ್ನು ಮುಚ್ಚುತ್ತದೆ. ಕೆಲವರನ್ನು ಟ್ಯೂಬಿನ ಜೊತೆಗೇ ಮನೆಗೆ ಕಳಿಸುತ್ತಾರೆ, ಹೈಮ್ಲಿಕ್ ವಾಲ್ವ್ ಹಾಕಿ. ಗಂಟಲಿಗೆ ಸಿಕ್ಕಿದ್ದನ್ನು ಹೊಟ್ಟೆ ಒತ್ತಿ ಹೊರತೆಗೆಸುವ ವಿಧಾನದಿಂದ ಹೆಸರಾದ ಹೆನ್ರಿ ಹೈಮ್ಲಿಕ್ ಅವರೇ ಅದಕ್ಕೂ ಮುಂಚೆ, 1960ರ ದಶಕದ ಆರಂಭದಲ್ಲಿ, ಇದನ್ನು ಮಾಡಿದ್ದರು. ಒಳಗೆ ಚಪ್ಪಟೆ ರಬ್ಬರ್ ಕೊಳವೆ, ಗಾಳಿ ಒಂದೇ ಕಡೆ ಹೋಗುತ್ತದೆ. ತಿರುವುಮುರುವಾಗಿ ಜೋಡಿಸಿದರೆ ಕ್ಲ್ಯಾಂಪ್ ಹಾಕಿದ ಹಾಗೆಯೇ. ಮನೆಯವರಿಗೆ ತೋರಿಸುವಾಗ ದಿಕ್ಕನ್ನು ಅವರ ಬಾಯಲ್ಲೇ ಹೇಳಿಸಿ.

ಇಷ್ಟು ಹೇಳಿದ ಎಲ್ಲಕ್ಕೂ ಹೊರತಾದ ಒಬ್ಬ ರೋಗಿ ನಿಮ್ಮ ವಾರ್ಡಿನಲ್ಲೇ ಇರುತ್ತಾರೆ, ಇಡೀ ಒಂದು ಕಡೆಯ ಶ್ವಾಸಕೋಶ ತೆಗೆದವರು. ಗ್ರಹಾಂ ಮತ್ತೆ ಬರುತ್ತಾರೆ ಅಂದೆನಲ್ಲ. ಕ್ಯಾನ್ಸರ್ ಇದ್ದ ಶ್ವಾಸಕೋಶವನ್ನು ಪೂರ್ತಿಯಾಗಿ, ಒಂದೇ ಆಪರೇಷನ್‌ನಲ್ಲಿ ತೆಗೆದು ರೋಗಿಯನ್ನು ಬದುಕಿಸಿದ್ದು ಅವರೇ, 1933ರಲ್ಲಿ. ಆ ರೋಗಿಯೂ ವೈದ್ಯರೇ, ಮುಂದೆ ಸುಮಾರು 30 ವರ್ಷ ಬದುಕಿದರು. ಗ್ರಹಾಂ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು. ಈ ಆಪರೇಷನ್ ಆದವರಲ್ಲಿ ಆ ಕಡೆ ಹಿಗ್ಗುವುದಕ್ಕೆ ಏನೂ ಉಳಿದಿಲ್ಲ. ಖಾಲಿ ಜಾಗ ನಿಧಾನವಾಗಿ ದ್ರವದಿಂದ ತುಂಬಬೇಕು. ಅಲ್ಲಿ ಸಕ್ಷನ್ ಹಾಕಿದರೆ ಹೃದಯವೇ ಆ ಕಡೆಗೆ ಎಳೆದುಕೊಂಡು ಹೋಗಿ ಕ್ಷಣದಲ್ಲಿ ಪ್ರಾಣ ಹೋಗಬಹುದು. ಟ್ಯೂಬು ಇಟ್ಟಿದ್ದರೆ ಕೆಲವು ಕಡೆ ಕ್ಲ್ಯಾಂಪ್ ಹಾಕಿಯೇ ಇಡುತ್ತಾರೆ, ಗಂಟೆಗೊಮ್ಮೆ ಒಂದು ನಿಮಿಷ ಬಿಡುತ್ತಾರೆ. ಸರ್ಜನ್ ಏನು ಬರೆದಿದ್ದಾರೋ ಅಷ್ಟೇ. ಆ ಮಂಚಕ್ಕೆ "ನ್ಯುಮೊನೆಕ್ಟಮಿ, ಸಕ್ಷನ್ ಬೇಡ" ಅಂತ ದೊಡ್ಡ ಅಕ್ಷರದಲ್ಲಿ ಫಲಕ ಹಾಕಿ, ಪಾಳಿ ಬದಲಾಗುವಾಗ ಬಾಯಲ್ಲೂ ಹೇಳಿ.

ಟ್ಯೂಬು ತೆಗೆಯುವಾಗ ಇಬ್ಬರಿರಬೇಕು, ಒಬ್ಬರು ಎಳೆಯಲು, ಒಬ್ಬರು ಹೊಲಿಗೆ ಬಿಗಿಯಲು. ಉಸಿರು ಪೂರ್ತಿ ಬಿಟ್ಟಾಗ ಎಳೆಯಬೇಕು ಅಂತ ಕೆಲವರು, ತುಂಬಿ ಹಿಡಿದಾಗ ಎಳೆಯಬೇಕು ಅಂತ ಕೆಲವರು. ನನ್ನ ಮಟ್ಟಿಗೆ ಮುಖ್ಯವಾದದ್ದು, ಎಳೆಯುವ ಕ್ಷಣದಲ್ಲಿ ರೋಗಿ ಉಸಿರು ಒಳಗೆ ಎಳೆದುಕೊಳ್ಳಬಾರದು. ಅದಕ್ಕೆ ಮೊದಲೇ ಎರಡು ಸಲ ಅಭ್ಯಾಸ ಮಾಡಿಸಿ. "ಅಣ್ಣಾ, ನಾನು ಹೇಳಿದಾಗ ಬಾಯಿ ಮುಚ್ಚಿ ಮುಕ್ಕಿರಿ, ಬಿಡಿ ಅನ್ನುವವರೆಗೆ ಉಸಿರು ಎಳೆಯಬೇಡಿ." ಆಮೇಲೆ ಒಂದೇ ಎಳೆತ, ಗಂಟು, ಗಾಳಿ ಹೋಗದ ಡ್ರೆಸ್ಸಿಂಗ್. ತೆಗೆದ ಟ್ಯೂಬಿನ ತುದಿ ಪೂರ್ತಿ ಬಂದಿದೆಯಾ ನೋಡಿ.

ಸಭೆಯಲ್ಲಿ ಒಬ್ಬರು ಕೇಳಿದ್ದಾರೆ, ಸಂಜೆ ಟ್ಯೂಬು ತೆಗೆದು ರಾತ್ರಿ ಒಬ್ಬಳೇ ಡ್ಯೂಟಿಯಲ್ಲಿದ್ದರೆ ಏನು ನೋಡಲಿ ಅಂತ. ಮೊದಲ ಒಂದು ಗಂಟೆ ಕಾಲು ಗಂಟೆಗೊಮ್ಮೆ, ಆಮೇಲೆ ನಾಲ್ಕು ಗಂಟೆಯವರೆಗೆ ಗಂಟೆಗೊಮ್ಮೆ ಉಸಿರಿನ ವೇಗ, ನಾಡಿ, ಆಕ್ಸಿಜನ್ ನೋಡಿ. ಡ್ರೆಸ್ಸಿಂಗ್ ಸುತ್ತ ಬೆರಳಿಟ್ಟು ಚರಚರ ಅನ್ನುತ್ತದೆಯಾ ನೋಡಿ. ಎಕ್ಸ್‌ರೇಯಲ್ಲಿ ತುದಿಯಲ್ಲಿ ಸ್ವಲ್ಪ ಗಾಳಿ ಕಂಡರೆ ರೋಗಿ ಆರಾಮಾಗಿದ್ದಾಗ ಸಾಮಾನ್ಯವಾಗಿ ಕಾದು ನೋಡುತ್ತಾರೆ. ಗಾಯದಿಂದ ತಿಳಿ ದ್ರವ ಜಿನುಗಿ ಡ್ರೆಸ್ಸಿಂಗ್ ಒದ್ದೆಯಾದರೆ ಬದಲಿಸಿ, ಎಷ್ಟು ಸಲ ಬದಲಿಸಿದಿರಿ ಅಂತ ಬರೆಯಿರಿ. ಉಸಿರು ಏರಿದರೆ, ಒಂದು ಕಡೆ ಎದೆ ಆಡದಿದ್ದರೆ ಎಕ್ಸ್‌ರೇಗೆ ಕಾಯದೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ. ಹೊಸ ಟ್ಯೂಬಿನ ಟ್ರೇ ಎಲ್ಲಿದೆ ಅಂತ ಪಾಳಿ ಶುರುವಾಗುವಾಗಲೇ ನೋಡಿಟ್ಟುಕೊಂಡಿರಿ.